ಮಡಿವಾಳೆಪ್ಪನ ಪಂಚನಾಮೆ

ಉಸುಕಿನಹಾಳದ ಗ್ರಾಮಲೆಕ್ಕ ನೋಡುವ ತಲಾಟಿ ಮಡಿವಾಳೆಪ್ಪನ ಪಂಚನಾಮೆ ಎಂದರೆ ತಾಲೂಕು ಕಚೇರಿಯಲ್ಲಿ ಒಂದು ಮರ್ಯಾದೆ ಇತ್ತು. ಬೇರೆ ತಲಾಟಿಗಳ ಕಾಗದಗಳು ಮೇಲಿನ ಕಚೇರಿಗೆ ಹೋಗಿ, ‘ಸ್ಪಷ್ಟೀಕರಣ ನೀಡಿ’ ಎಂಬ ಷರಾ ಹೊತ್ತುಕೊಂಡು ಬಂದ ದಾರಿಗೆ ಸುಂಕವಿಲ್ಲದೆ ತಿರುಗಿ ಬರುತ್ತಿದ್ದವು. ಇವನದು ಹೋಯಿತೆಂದರೆ ಹೋಯಿತು. ಮುತ್ತು ಪೋಣಿಸಿದಂಥ ಅಕ್ಷರ, ನಾಲ್ಕೂ ದಿಕ್ಕಿನ ಚಕಬಂದಿ, ಒಂದು ಗುಂಟೆ ಆಚೀಚೆ ಆಗದ ಲೆಕ್ಕ, ಕೆಳಗೆ ಇಬ್ಬರು ಪಂಚರ ಸಹಿ. ಶಿರಸ್ತೇದಾರರು ಹೊಸದಾಗಿ ಸೇರಿದ ತಲಾಟಿಗಳಿಗೆ ಇವನ ಕಾಗದ ತೋರಿಸಿ, ಹೀಗೆ ಬರೆಯುವುದನ್ನು ಕಲಿಯಿರಿ ಎಂದು ಹೇಳುತ್ತಿದ್ದರು.

ಶಿರಸ್ತೇದಾರರು ಹೇಳದೆ ಬಿಟ್ಟ ಮಾತೊಂದಿತ್ತು. ಸ್ಥಳಕ್ಕೆ ಹೋಗಿ, ಕಣ್ಣಾರೆ ನೋಡಿ, ಅಲ್ಲಿಯೇ ನಿಂತು ಬರೆಯಬೇಕಾದ ಪಂಚನಾಮೆಯನ್ನು ಮಡಿವಾಳೆಪ್ಪ ಚಾವಡಿಯಲ್ಲಿ ಕುಳಿತು ಬರೆಯುತ್ತಿದ್ದ. ಹಾಗಂತ ಅವನನ್ನು ಮೈಗಳ್ಳ ಎನ್ನಬಾರದು. ನಾಲ್ಕು ಊರುಗಳನ್ನು ಒಬ್ಬನ ಕೊರಳಿಗೆ ಕಟ್ಟಿದ ಸರಕಾರ, ಇವತ್ತು ಕೇಳಿದ ವರದಿಯನ್ನು ನಿನ್ನೆಯೇ ಕೊಡು ಎನ್ನುತ್ತಿತ್ತು. ಸ್ಥಳಕ್ಕೆ ಹೋದರೆ ಬಿಸಿಲು, ಜಾಲಿಮುಳ್ಳು, ಬದುವಿನ ಜಗಳ. ಚಾವಡಿಯಲ್ಲಿ ಮೇಜು, ಊರ ನಕಾಶೆ, ಕರೆಂಟು ಇದ್ದ ದಿನ ಫ್ಯಾನು. ಎಲ್ಲ ತಲಾಟಿಗಳೂ ಹೀಗೇ ಮಾಡುತ್ತಿದ್ದರು. ಇವನು ಅದನ್ನೇ ಅಂದವಾಗಿ ಮಾಡುತ್ತಿದ್ದ, ಅಷ್ಟೆ.

ಪಂಚರು ಕೂಡ ಗೊತ್ತಿದ್ದವರೇ. ಒಬ್ಬ ಮಹಾಂತಪ್ಪ, ಬಸ್‌ಸ್ಟ್ಯಾಂಡಿನ ಬದಿಗೆ ಅವನ ಚಹಾದಂಗಡಿ. ಅಂಗಡಿಯ ಕಟ್ಟೆಗೇ ಕಾಗದ ತರಿಸಿಕೊಂಡು ಸಹಿ ಹಾಕಿ ಕಳಿಸುತ್ತಿದ್ದ. ಇನ್ನೊಬ್ಬ ಜಟ್ಟೆಪ್ಪ, ಹಳ್ಳದ ದಂಡೆಯ ಭೀಮನಗರದವ. ಅವನ ರೀತಿಯೇ ಬೇರೆ. ಚಾವಡಿಯ ಆಳು, ವಾಲಿಕಾರ ಲಗಮಪ್ಪ ಹೋಗಿ, ತಲಾಟಿಯವರು ಪಂಚ ಆಗಲು ಕರೆದಿದ್ದಾರೆ ಎಂದರೆ, ಕೈಯಲ್ಲಿದ್ದ ಕುಡಗೋಲು ಅಲ್ಲೇ ಇಟ್ಟು, ಮನೆಗೆ ಹೋಗಿ ಕೈಕಾಲು ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಮೇಜಿನ ಎದುರು ಖುರ್ಚಿಯ ತುದಿಯ ಮೇಲೆ ಕುಳಿತು, ಬರೆಯದ ಹಾಳೆಯ ಅಡಿಯಲ್ಲಿ ಮಡಿವಾಳೆಪ್ಪ ಬೆರಳಿಟ್ಟು ತೋರಿಸಿದ ಕಡೆ, ಸಾವಕಾಶವಾಗಿ ಸಹಿ ಮಾಡುತ್ತಿದ್ದ. ಮೇಲೆ ಏನು ಬರೆಯುತ್ತೀರಿ ಎಂದು ಹದಿನೈದು ವರ್ಷದಲ್ಲಿ ಒಮ್ಮೆಯೂ ಕೇಳಿದವನಲ್ಲ.

ಕೇಳದೆ ಇರುವುದಕ್ಕೆ ಕಾರಣವಿತ್ತು. ಜಟ್ಟೆಪ್ಪನ ಅಪ್ಪ ತೀರಿಕೊಂಡಾಗ ಇದ್ದ ಎರಡೆಕರೆಗೆ ವಾರಸಾ ಹಚ್ಚಿಸಿಕೊಳ್ಳಲು ಅವನು ಹಿಂದಿನ ತಲಾಟಿಯ ಬಾಗಿಲಿಗೆ ಎರಡು ವರ್ಷ ಅಲೆದಿದ್ದ. ಮಡಿವಾಳೆಪ್ಪ ಈ ಊರಿಗೆ ಬಂದ ಮೂರನೆಯ ವಾರ, ಇವನ ಅರ್ಜಿ ಕಪಾಟಿನ ಹಿಂದೆ ಬಿದ್ದದ್ದನ್ನು ತಾನೇ ಹೆಕ್ಕಿ, ದಾಖಲು ಮಾಡಿ, ಅವನ ಹೆಸರು ಏರಿದ ಉತಾರವನ್ನು ಮನೆಯ ಬಾಗಿಲಿಗೇ ಒಯ್ದು ಕೊಟ್ಟಿದ್ದ. ಒಂದು ಲೋಟ ಚಹಾ ಕುಡಿದು ಬಂದಿದ್ದ. ತಲಾಟಿಯೊಬ್ಬ ಭೀಮನಗರದ ಮನೆಯಲ್ಲಿ ಕುಳಿತು ಚಹಾ ಕುಡಿದದ್ದು ಆ ಕಾಲಕ್ಕೆ ಊರಲ್ಲಿ ಸಣ್ಣ ಸುದ್ದಿಯಾಗಿತ್ತು. ಅಂದಿನಿಂದ ಮಡಿವಾಳೆಪ್ಪ ಹೇಳಿದ್ದೇ ಜಟ್ಟೆಪ್ಪನಿಗೆ ಕೊನೆಯ ಮಾತು.

ಎರಡು ಸಾವಿರದ ಏಳನೆಯ ಇಸವಿಯ ಆಷಾಢದಲ್ಲಿ ತಾಲೂಕು ಕಚೇರಿಯಿಂದ ಹನ್ನೆರಡು ಕಲಮಿನ ಒಂದು ನಮೂನೆ ಬಂತು. ಉಸುಕಿನಹಾಳದ ಗುಡ್ಡದ ಓರೆಯಲ್ಲಿ ಒಂದು ಕಂಪನಿಯವರು ನಲವತ್ತು ಎಕರೆಯಲ್ಲಿ ಸುಣ್ಣಗಲ್ಲಿನ ಗಣಿ ತೆಗೆಯುವವರಿದ್ದರು. ಅದಕ್ಕೆ ಪರಿಸರದ ಪರವಾನಿಗೆ ಬೇಕು. ಪರವಾನಿಗೆಗೆ ವರದಿ ಬೇಕು, ವರದಿಗೆ ಸ್ಥಳದ ಪಂಚನಾಮೆ ಬೇಕು. ಅರಣ್ಯ ಎಷ್ಟು ದೂರ, ಮಕ್ಕಳ ಸಾಲಿ ಎಷ್ಟು ದೂರ, ಗುಡಿ ಎಷ್ಟು ದೂರ. ಏಳನೆಯ ಕಲಮು: ಒಂದು ಕಿಲೋಮೀಟರಿನೊಳಗೆ ಕುಡಿಯುವ ನೀರಿನ ಬಾವಿ, ಕೆರೆ, ಕೊಳವೆಬಾವಿ ಇವೆಯೇ?

ಅವತ್ತು ಮಳೆ ಹಿಡಿದುಕೊಂಡಿತ್ತು. ಹಳ್ಳ ಎರಡೂ ದಂಡೆ ಮುಟ್ಟಿ ಹರಿಯುತ್ತಿತ್ತು; ಗುಡ್ಡದ ಕಡೆ ದಾಟುವುದು ದೂರದ ಮಾತು. ನಾಳೆ ಹನ್ನೊಂದಕ್ಕೆ ಜಿಲ್ಲೆಗೆ ಕಳಿಸಬೇಕು ಎಂದು ಫೋನು ಬಂದಿತ್ತು. ಮಡಿವಾಳೆಪ್ಪ ನಕಾಶೆ ಬಿಚ್ಚಿದ. ನಕಾಶೆಯಲ್ಲಿ ಬಾವಿ ಇರಲಿಲ್ಲ, ಕೆರೆ ಇರಲಿಲ್ಲ. ಊರಿನ ಕೊಳವೆಬಾವಿ ಈ ದಂಡೆಗೆ, ಕಿಲೋಮೀಟರಿಗಿಂತ ಆಚೆ. ‘ಯಾವುದೂ ಇರುವುದಿಲ್ಲ’ ಎಂದು ಬರೆದ. ಜಟ್ಟೆಪ್ಪನ ಮತ್ತು ಮಹಾಂತಪ್ಪನ ಸಹಿ ಹಿಂದಿನ ವಾರವೇ ನಾಲ್ಕು ಖಾಲಿ ಹಾಳೆಗಳ ಮೇಲೆ ತೆಗೆದಿಟ್ಟದ್ದಿತ್ತು. ಮಳೆಗಾಲದಲ್ಲಿ ಅವರನ್ನು ಪದೇಪದೇ ಕರೆಸುವುದು ಪಾಪ ಎಂದು ಅವನೇ ಮಾಡಿಕೊಂಡ ವ್ಯವಸ್ಥೆ ಅದು. ಕಾಗದ ಹೋಯಿತು. ಎಂದಿನಂತೆ ತಿರುಗಿ ಬರಲಿಲ್ಲ.

ಡಿಸೆಂಬರ್‌ನಲ್ಲಿ ಬಂದದ್ದು ದಪ್ಪನೆಯ ಪುಸ್ತಕ. ಇಂಗ್ಲಿಷಿನಲ್ಲಿ ಮುನ್ನೂರು ಪುಟ, ಅದರ ಜೊತೆ ಕನ್ನಡದಲ್ಲಿ ಹದಿನಾರು ಪುಟದ ಸಾರಾಂಶ. ಪಂಚಾಯಿತಿಯಲ್ಲಿ ಇಡಬೇಕು, ಯಾರು ಕೇಳಿದರೂ ತೋರಿಸಬೇಕು, ಸಂಕ್ರಮಣ ಮುಗಿದ ಮೇಲೆ ಸಾಲಿಯ ಬಯಲಲ್ಲಿ ಪರಿಸರದ ಸಾರ್ವಜನಿಕ ಆಲಿಕೆ ಸಭೆ ಎಂದು ನೋಟೀಸು. ಪುಸ್ತಕವನ್ನು ಪಂಚಾಯಿತಿಯವರು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಯಾರು ಓದುತ್ತಾರೆ ಎಂದು ಎಲ್ಲರೂ ತಿಳಿದಿದ್ದರು.

ಓದಿದವಳು ಪ್ರಜ್ಞಾ. ಭೀಮನಗರದ ಅಂಗನವಾಡಿ ಟೀಚರು, ಜಟ್ಟೆಪ್ಪನ ಸೊಸೆ. ನೋಟೀಸು ನೋಡಿ ಹೋಗಿ, ಸಾರಾಂಶ ಇಸಿದುಕೊಂಡು, ಮನೆಯಲ್ಲಿ ಅತ್ತೆಗೆ ಓದಿ ಹೇಳಿದಳು. ನಾಲ್ಕನೆಯ ದಿನ ಮುಂಜಾನೆ ಅತ್ತೆ, ಅಂದರೆ ಜಟ್ಟೆಪ್ಪನ ಹೆಂಡತಿ ಕಾಡವ್ವ, ಚಾವಡಿಗೆ ಬಂದಳು. ಕಾಡವ್ವ ಎಂದರೆ ಗದ್ದಲದ ಹೆಂಗಸಲ್ಲ. ಬಾಗಿಲ ಹತ್ತಿರ ನಿಂತು, ಮೇಜಿನ ಮೇಲಿದ್ದ ನೀರಿನ ತಂಬಿಗೆಯ ಕಡೆ ನೋಡಿದಳು. ನಿಮಗೆ ಬೇಸಿಗೆಯಲ್ಲಿ ಲಗಮಪ್ಪ ನೀರು ಎಲ್ಲಿಂದ ತರುತ್ತಾನೆ ಗೊತ್ತೇ ಎಂದು ಕೇಳಿದಳು.

ಊರ ನಳದಿಂದ ಇರಬೇಕು ಎಂದ ಮಡಿವಾಳೆಪ್ಪ.

“ಊರ ನಳದ ನೀರು ಸವಳು, ಸಾಹೇಬ್ರ. ಅದನ್ನ ದನಾನೂ ಮೂಸಿ ನೋಡೂದಿಲ್ಲ. ನೀವು ಇಷ್ಟ ವರ್ಷ ಕುಡದದ್ದು ಹಳ್ಳದ ವರ್ತಿ ನೀರು. ನಮ್ಮ ಕೇರಿಯಷ್ಟೂ ಮಂದಿ ಕುಡಿಯೂದೂ ಅದ. ಅದು ಇಲ್ಲ ಅಂತ ನೀವು ಬರದೀರಂತ.”

ಹಳ್ಳ ಹರಿಯುವುದು ನಿಂತ ಮೇಲೆ ಹೆಂಗಸರು ಉಸುಕಿನಲ್ಲಿ ಮೊಳಕಾಲುದ್ದ ಕುಣಿ ತೋಡುತ್ತಾರೆ. ನೀರು ಒಸರಿ ನಿಲ್ಲುತ್ತದೆ. ತೆಂಗಿನ ಚಿಪ್ಪಿನಿಂದ ತುಂಬಿಕೊಳ್ಳುತ್ತಾರೆ. ಅದು ವರ್ತಿ. ಮಳೆಗಾಲದಲ್ಲಿ ಹಳ್ಳ ಬಂತೆಂದರೆ ಮುಚ್ಚಿಹೋಗುತ್ತದೆ, ಮುಂದಿನ ವರ್ಷ ಎರಡು ಮಾರು ಅತ್ತ ಇತ್ತ ಹೊಸದು ತೋಡಬೇಕು. ಹುಟ್ಟುವ, ಸಾಯುವ, ಜಾಗ ಬದಲಿಸುವ ಇಂಥ ನೀರಿಗೆ ಸರ್ವೆ ನಂಬರ್ ಕೊಡುವುದು ಬ್ರಹ್ಮನಿಗೂ ಆಗದು. ನಕಾಶೆಯಲ್ಲಿ ಇಲ್ಲದ್ದು ನಮೂನೆಯಲ್ಲಿ ಇಲ್ಲ, ನಮೂನೆಯಲ್ಲಿ ಇಲ್ಲದ್ದು ಸರಕಾರದ ಮಟ್ಟಿಗೆ ಜಗತ್ತಿನಲ್ಲೇ ಇಲ್ಲ.

ಆದರೆ ಕಾಡವ್ವ ಬಂದದ್ದು ಅದಕ್ಕಷ್ಟೇ ಅಲ್ಲ. ಸಾರಾಂಶದ ಕೊನೆಯಲ್ಲಿ ಪಂಚರ ಹೆಸರುಗಳಿದ್ದವು. ಕೇರಿಯ ನೀರನ್ನು ಕಂಪನಿಗೆ ಬರೆದುಕೊಟ್ಟವನು ಜಟ್ಟೆಪ್ಪನೇ ಎಂದು ಕೇರಿಯಲ್ಲಿ ಮಾತು ಎದ್ದಿತ್ತು. ಅವನ ಸ್ವಂತ ತಂಗಿ ಶಟ್ಟೆವ್ವ ಎರಡು ದಿನದಿಂದ ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅವನೋ ಬಾಯಿ ಬಿಡುತ್ತಿರಲಿಲ್ಲ. ನೀವೇ ಏನಾದರೂ ಮಾಡಿರಿ ಎಂದು ಹೇಳಿ ಕಾಡವ್ವ ಹೊರಟುಹೋದಳು.

ಮಡಿವಾಳೆಪ್ಪ ಮರುದಿನ ಬೆಳಿಗ್ಗೆ ಒಬ್ಬನೇ ಹಳ್ಳ ದಾಟಿ ಹೋದ. ಹೋಗಬೇಕಾಗಿದ್ದ ದಿನದಿಂದ ಐದು ತಿಂಗಳು ತಡವಾಗಿ ಹೋದ ಎನ್ನಬೇಕು. ಗಣಿಯ ಗಡಿಗೆ ಕಂಪನಿಯವರು ನೆಟ್ಟ ಬಾಂದಗಲ್ಲಿಗೆ ಸುಣ್ಣ ಬಳಿದಿದ್ದರು, ದೂರದಿಂದಲೇ ಕಾಣುತ್ತಿತ್ತು. ಅಲ್ಲಿಂದ ಇಳಿಜಾರಿಗೆ ಹೆಜ್ಜೆ ಎಣಿಸುತ್ತ ಬಂದ. ಮುನ್ನೂರ ಎಂಬತ್ತನೆಯ ಹೆಜ್ಜೆಗೆ ಉಸುಕು. ಉಸುಕಿನಲ್ಲಿ ವರ್ತಿಗಳು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತು ನೀರು ತುಂಬುತ್ತಿದ್ದರು. ಒಬ್ಬಳು ತಲಾಟಿಯನ್ನು ಕಂಡು, ದಾರಿ ತಪ್ಪಿ ಬಂದಿರೇನು ಎಂದು ಕೇಳಿದಳು. ಉಳಿದವರು ನಕ್ಕರು. ಅವನಿಗೂ ನಗಬೇಕೆನ್ನಿಸಿತು, ಆಗಲಿಲ್ಲ.

ಅಲ್ಲಿ ನಿಂತು ಅವನು ಒಂದು ಸಮಾಧಾನ ಹುಡುಕಿದ. ಆಷಾಢದಲ್ಲಿ ತಾನು ಬಂದಿದ್ದರೂ ವರ್ತಿ ಕಾಣುತ್ತಿರಲಿಲ್ಲ, ಹಳ್ಳ ಹರಿಯುತ್ತಿತ್ತಲ್ಲ! ಅರ್ಧ ದಾರಿ ಆ ಸಮಾಧಾನ ಜೊತೆಗೆ ಬಂತು. ಜಟ್ಟೆಪ್ಪನ ಎದುರು ಒಂದೇ ಒಂದು ಸಲ ಬರೆದದ್ದನ್ನು ಓದಿದ್ದರೆ ಅವನು ತಾನಾಗಿಯೇ ಹೇಳುತ್ತಿದ್ದ ಎಂಬುದು ಮನಸ್ಸಿಗೆ ಬಂದ ಮೇಲೆ ಅದೂ ಕೈಬಿಟ್ಟಿತು. ಮೇಲೆ ನಲವತ್ತು ಅಡಿ ಆಳಕ್ಕೆ ಗಣಿ ತೋಡಿ, ನೀರು ಬಂದಂತೆಲ್ಲ ಮಶೀನು ಹಚ್ಚಿ ಹೊರಗೆ ಚೆಲ್ಲಿದರೆ ಕೆಳಗಿನ ಉಸುಕಿಗೆ ಹನಿ ಇಳಿಯುವುದಿಲ್ಲ. ಇದು ತಿಳಿಯಲು ಮುನ್ನೂರು ಪುಟದ ವರದಿ ಬೇಕಿರಲಿಲ್ಲ.

ಮೊದಲು ಸದ್ದಿಲ್ಲದೆ ತಿದ್ದಲು ನೋಡಿದ. ತಾಲೂಕು ಕಚೇರಿಗೆ ಹೋಗಿ, ಪಂಚನಾಮೆಗೆ ಒಂದು ಪುರವಣಿ ಸೇರಿಸಬೇಕಿತ್ತು ಎಂದ. ಶಿರಸ್ತೇದಾರರು ಚಹಾ ತರಿಸಿದರು. ಪುಸ್ತಕ ಕಟ್ಟಿ ಆಗಿದೆ, ಇನ್ನು ಅದಕ್ಕೆ ಕೈ ಹಚ್ಚಲು ಬರುವುದಿಲ್ಲ ಎಂದರು. ಎತ್ತು ಈಯಿತು ಎಂದರೆ ಕರು ಕಟ್ಟಲು ಹಗ್ಗ ಕೊಡುವ ಇಲಾಖೆ ನಮ್ಮದು, ನಿನಗೇ ಯಾಕೆ ಈ ಉಸಾಬರಿ ಎಂದು ನಕ್ಕರು. ನೀರಿದೆ ಎಂದು ಮಂದಿ ಸಭೆಯಲ್ಲಿ ಹೇಳಿಕೊಳ್ಳಲಿ, ಮಂದಿಯ ಮಾತಿಗೆ ಒಂದು ಕಡೆ, ಸರಕಾರಿ ಪಂಚನಾಮೆಗೆ ಒಂದು ಕಡೆ, ತೂಗುವವರು ತೂಗಲಿ. ಕೊನೆಗೆ ದನಿ ತಗ್ಗಿಸಿ, ಹೋಗಿಯೇ ಇಲ್ಲ ಎಂದು ಬರೆದುಕೊಟ್ಟರೆ ಸಸ್ಪೆಂಡು ಮಾತ್ರವಲ್ಲ, ಹಳೆಯ ಎಲ್ಲ ಪಂಚನಾಮೆಗಳನ್ನೂ ಕೆದಕುತ್ತಾರೆ ಎಂದೂ ಹೇಳಿದರು. ಅವರು ಕೆಟ್ಟವರಲ್ಲ. ಒಳ್ಳೆಯದಕ್ಕೇ ಹೇಳಿದ್ದು.

ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಕಟಕೋಳದಲ್ಲಿ ಬಾಡಿಗೆ ಮನೆ. ಪೆನ್ಶನ್ ಬಂದ ಮೇಲೆ ಬೈಲಹೊಂಗಲದ ಹತ್ತಿರದ ಗಂಡನ ಊರಿಗೆ ಹೋಗಿ ಇರುವುದೆಂದು ಹೆಂಡತಿ ಸುಂದರವ್ವ ಆಗಲೇ ಯಾವ ಗಡಿಗೆ ಒಯ್ಯುವುದು, ಯಾವುದು ಬಿಡುವುದು ಎಂದು ಆರಿಸಿಟ್ಟಿದ್ದಳು. ಸಭೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಲೇ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಚಚಡಿ ಊರಿನ ಹೆಣ್ಣು, ಮಾತು ಕಡಿಮೆ, ಆಡಿದರೆ ತೂಕ. ಪೆನ್ಶನ್ ಬಗ್ಗೆ ಅವಳು ಏನೂ ಹೇಳಲಿಲ್ಲ.

“ನೀವು ಏನರ ಮಾಡ್ರಿ,” ಎಂದಳು. “ಆ ಜಟ್ಟೆಪ್ಪನ್ನ ಮಾತ್ರ ನಡುವ ಬಿಟ್ಟು ಬರಬ್ಯಾಡ್ರಿ. ನಿಮ್ಮ ಮ್ಯಾಲಿನ ನಂಬಿಗಿ ಮ್ಯಾಲ ಸಹಿ ಮಾಡಿದಾಂವ ಅಂವ.”

ಸವದತ್ತಿಯ ಬಸ್ಸು ಹಿಡಿದು ಉಸುಕಿನಹಾಳಕ್ಕೆ ಇಳಿಯುವವರೆಗೂ ಆ ಮಾತು ಮಡಿವಾಳೆಪ್ಪನ ತಲೆಯಲ್ಲಿತ್ತು. ನಿಜ ಹೇಳಿದರೆ ಜಟ್ಟೆಪ್ಪ ಉಳಿಯುತ್ತಾನೆ, ಸುಮ್ಮನಿದ್ದರೆ ತಾನು ಉಳಿಯುತ್ತೇನೆ. ಲೆಕ್ಕ ಇಷ್ಟು ಸರಳ ಎಂದೇ ಅವನು ನಂಬಿದ್ದ. ನಂಬಿಯೂ ಬಸ್ಸಿಳಿಯುವ ಹೊತ್ತಿಗೆ ಏನು ಮಾಡುವುದೆಂದು ತೀರ್ಮಾನ ಆಗಿರಲಿಲ್ಲ.

ಸಾಲಿಯ ಬಯಲಲ್ಲಿ ಶಾಮಿಯಾನಾ ಹಾಕಿದ್ದರು. ಜಿಲ್ಲೆಯಿಂದ ಬಂದ ಹಿರಿಯ ಅಧಿಕಾರಿ ನಡುವೆ, ಅವರ ಪಕ್ಕ ವರದಿ ಬರೆದ ಕಂಪನಿಯ ಸಲಹೆಗಾರ, ಬದಿಗೆ ನಡವಳಿ ಬರೆದುಕೊಳ್ಳುವ ಗುಮಾಸ್ತ. ದಾಖಲೆಯ ಕಟ್ಟು ತೊಡೆಯ ಮೇಲಿಟ್ಟುಕೊಂಡು ಮಡಿವಾಳೆಪ್ಪ ಕೊನೆಯ ಖುರ್ಚಿಯಲ್ಲಿ ಕುಳಿತ. ಎದುರಿಗೆ ಇನ್ನೂರು ಮಂದಿ. ಅಧಿಕಾರಿ ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು. ಯಾರು ಏನು ಹೇಳಿದರೂ ತಲೆಯಾಡಿಸಿ, ಬರೆದುಕೊಳ್ಳಿ ಎಂದು ಗುಮಾಸ್ತನಿಗೆ ಹೇಳುತ್ತಿದ್ದರು. ಕೆಲವರು ಧೂಳಿನ ಬಗ್ಗೆ ಕೇಳಿದರು. ಕೆಲವರು ತಮ್ಮ ಹುಡುಗರಿಗೆ ಗಣಿಯಲ್ಲಿ ಕೆಲಸ ಸಿಗುತ್ತದೆಯೇ ಎಂದು ಕೇಳಿದರು. ಅದೂ ನ್ಯಾಯವಾದ ಪ್ರಶ್ನೆಯೇ. ಆಮೇಲೆ ಕಾಡವ್ವ ಎದ್ದು ವರ್ತಿಯ ಮಾತು ಎತ್ತಿದಳು. ಕೇರಿಯವರೆಲ್ಲ ಹೌದು ಹೌದು ಎಂದರು.

ಸಲಹೆಗಾರ ಪುಸ್ತಕ ತೆರೆದ. ಸಿಟ್ಟಿಲ್ಲ, ಅವಸರವಿಲ್ಲ. ಕಂದಾಯ ಇಲಾಖೆಯವರೇ ಸ್ಥಳ ನೋಡಿ ಪಂಚನಾಮೆ ಮಾಡಿದ್ದಾರೆ, ಕುಡಿಯುವ ನೀರಿನ ಮೂಲ ಇಲ್ಲವೆಂದಿದೆ, ಪಂಚರು ಇದೇ ಊರಿನವರು, ಒಬ್ಬರು ಇದೇ ಕೇರಿಯವರು ಎಂದು ಹೇಳಿ ಹಾಳೆಯನ್ನು ಅಧಿಕಾರಿಯ ಮುಂದಿಟ್ಟ. ಅವನದು ತಪ್ಪೇನೂ ಇರಲಿಲ್ಲ. ಕಾಗದ ಏನು ಹೇಳಿತೋ ಅದನ್ನೇ ಹೇಳಿದ್ದ.

ಜಟ್ಟೆಪ್ಪ ಯಾರು ಎಂದು ಅಧಿಕಾರಿ ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಜಟ್ಟೆಪ್ಪ ಎದ್ದು ಮುಂದೆ ಬಂದ. ಇಸ್ತ್ರಿ ಅಂಗಿ ಹಾಕಿದ್ದ. ಅಧಿಕಾರಿ ಹಾಳೆ ತೋರಿಸಿ, ಈ ಸಹಿ ನಿನ್ನದೇ ಎಂದು ಕೇಳಿದರು. ಜಟ್ಟೆಪ್ಪ ಹಾಳೆ ನೋಡಿದ. ಒಂದು ಸಲ, ಒಂದೇ ಸಲ, ಕೊನೆಯ ಖುರ್ಚಿಯ ಕಡೆ ನೋಡಿದ.

“ಸಹಿ ನಂದ ಐತ್ರಿ,” ಎಂದ. “ತಲಾಟ್ಯಾರು ಜಾಗಾಕ ಬಂದಿದ್ರು. ನಾನ ಕರಕೊಂಡು ಹೋಗಿ ತೋರಿಸೇನಿ. ಮಳಿಗಾಲದಾಗ ವರ್ತಿ ಇರೂದಿಲ್ರಿ, ಹೇಳಾಕ ನನಗ ನೆನಪಾಗಲಿಲ್ಲ. ಅವರದೇನೂ ತಪ್ಪಿಲ್ರಿ. ತಪ್ಪು ನಂದು.”

ಕೇರಿಯವರ ಕಡೆಯಿಂದ ಒಂದು ಗುಜುಗುಜು ಎದ್ದು ಅಲ್ಲಿಯೇ ಅಡಗಿತು. ಶಟ್ಟೆವ್ವ ಅಣ್ಣನ ಕಡೆ ನೋಡದೆ ಮುಖ ತಿರುವಿದಳು. ಕಾಡವ್ವ ಮಾತ್ರ ಮಡಿವಾಳೆಪ್ಪನ ಕಡೆ ನೋಡುತ್ತ ನಿಂತಳು. ಸಲಹೆಗಾರ ಪೆನ್ನಿನ ಟೋಪಿ ಹಾಕಿದ. ಅವನ ಕೆಲಸ ಮುಗಿದಿತ್ತು. ಅಧಿಕಾರಿ, ಬರೆದುಕೊಳ್ಳಿ ಎಂದರು.

ಮಡಿವಾಳೆಪ್ಪ ಜಟ್ಟೆಪ್ಪನ ಇಸ್ತ್ರಿ ಅಂಗಿಯ ಕಡೆ ನೋಡಿದ. ಹದಿನೈದು ವರ್ಷದ ಹಿಂದೆ ಕಪಾಟಿನ ಸಂದಿಯಿಂದ ಒಂದು ಅರ್ಜಿ ಹೆಕ್ಕಿದ್ದಕ್ಕೆ ಒಬ್ಬ ಮನುಷ್ಯ ತನ್ನ ಕೇರಿಯ ನೀರನ್ನೂ, ತಂಗಿಯ ಮೋರೆಯನ್ನೂ ತೆತ್ತು ತೀರಿಸುತ್ತಿದ್ದ. ತಾನು ಮಾಡಿದ್ದು ಉಪಕಾರವೂ ಅಲ್ಲ, ಸರಕಾರ ಸಂಬಳ ಕೊಟ್ಟು ಮಾಡು ಎಂದ ಕೆಲಸ. ಎದ್ದು ನಿಲ್ಲಬೇಕೆಂದು ಅವನು ಯೋಚಿಸಲಿಲ್ಲ. ನಿಂತ ಮೇಲೆ ನಿಂತಿದ್ದೇನೆಂದು ತಿಳಿಯಿತು. ತೊಡೆಯ ಮೇಲಿನ ಕಟ್ಟು ಜಾರಿ ಬಿತ್ತು. ಲಗಮಪ್ಪ ಬಗ್ಗಿ ಆರಿಸತೊಡಗಿದ.

“ಸಾಹೇಬ್ರ, ಜಟ್ಟೆಪ್ಪ ಹೇಳಿದ್ದು ಖರೇ ಅಲ್ಲ. ನಾ ಅಲ್ಲಿಗೆ ಹೋಗಿಲ್ಲ. ಚಾವಡ್ಯಾಗ ಕುಂತು ಬರದೇನಿ. ಈ ಇಬ್ಬರು ಪಂಚರೂ ಖಾಲಿ ಹಾಳಿ ಮ್ಯಾಲ ಸಹಿ ಮಾಡ್ಯಾರ. ಮ್ಯಾಲ ಏನು ಬರದೇನಿ ಅನ್ನೂದು ಅವರಿಗೆ ಗೊತ್ತಿಲ್ಲ. ಯಾವಾಗೂ ಗೊತ್ತಿರೂದಿಲ್ಲ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

“ನೀವು ಹೇಳಿದ್ದು ನಡವಳಿಯಲ್ಲಿ ದಾಖಲಾಗುತ್ತದೆ. ಪರಿಣಾಮ ಗೊತ್ತಲ್ಲ?”

“ಗೊತ್ತೈತ್ರಿ. ಬರಕೋರಿ.”

ಗುಮಾಸ್ತ ಬರೆದುಕೊಂಡ. ಅಧಿಕಾರಿ ಎದ್ದು, ಇವತ್ತೇ, ಈಗಲೇ, ಸ್ಥಳದಲ್ಲಿಯೇ ಹೊಸ ಪಂಚನಾಮೆ ಆಗಲಿ ಎಂದರು. ಶಾಮಿಯಾನಾದ ಮಂದಿಯೆಲ್ಲ ಎದ್ದು ಹಳ್ಳದ ಕಡೆ ನಡೆದರು. ಅಧಿಕಾರಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಉಸುಕಿಗೆ ಇಳಿದರು. ಸಲಹೆಗಾರನೂ ಇಳಿದ. ಕಾಡವ್ವ ಒಂದು ಹೊಸ ವರ್ತಿ ತೋಡಿದಳು. ನೀರು ಮೊದಲು ರಾಡಿಯಾಗಿ ಬಂತು, ಎರಡು ಸಲ ತುಳುಕಿಸಿ ಚೆಲ್ಲಿದ ಮೇಲೆ ತಿಳಿಯಾಯಿತು. ಅಧಿಕಾರಿ ಬೊಗಸೆಯಲ್ಲಿ ಕುಡಿದು, ಸಿಹಿಯಾಗಿದೆ ಎಂದರು. ಬಾಂದಗಲ್ಲಿನಿಂದ ಟೇಪು ಹಿಡಿದು ಅಳೆದರು. ಒಟ್ಟು ಇಪ್ಪತ್ತಮೂರು ವರ್ತಿ ಎಣಿಸಿದರು. ಮಡಿವಾಳೆಪ್ಪ ಒಂದು ಬಂಡೆಯ ಮೇಲೆ ಹಲಗೆ ಇಟ್ಟುಕೊಂಡು ಎಲ್ಲವನ್ನೂ ಬರೆದ. ಗಾಳಿಗೆ ಹಾಳೆ ಹಾರುತ್ತಿತ್ತು, ಅಕ್ಷರ ಸೊಟ್ಟಗಾದವು.

ಬರೆದು ಮುಗಿದ ಮೇಲೆ ಪಂಚರ ಪ್ರಶ್ನೆ ಬಂತು. ಜಟ್ಟೆಪ್ಪ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ಬಂದ. ಅಧಿಕಾರಿ ಅವನನ್ನು ನೋಡಿ, ಮೆತ್ತಗೇ ಹೇಳಿದರು:

“ಇವರು ಬೇಡ. ಇವರ ಸಹಿ ಈಗ ನಡೆಯುವುದಿಲ್ಲ. ಬೇರೆ ಯಾರನ್ನಾದರೂ ಕರೆಯಿರಿ.”

ಜಟ್ಟೆಪ್ಪ ಬಂದಷ್ಟೇ ಸಾವಕಾಶವಾಗಿ ಹಿಂದೆ ಸರಿದ. ಕಾಡವ್ವ ಮತ್ತು ಶಟ್ಟೆವ್ವ ಹೆಬ್ಬೆಟ್ಟು ಒತ್ತಿದರು. ಉಸುಕಿನಹಾಳದಲ್ಲಿ ಹೆಂಗಸರು ಪಂಚರಾದದ್ದು ಅದೇ ಮೊದಲು. ಶಾಯಿ ಹತ್ತಿದ ಬೆರಳನ್ನು ಶಟ್ಟೆವ್ವ ವರ್ತಿಯ ನೀರಿನಲ್ಲಿ ತೊಳೆಯಹೋದಾಗ, ಕುಡಿಯುವ ನೀರಿಗೆ ಮಸಿ ಮಾಡಬೇಡ ಎಂದು ಕಾಡವ್ವ ಗದರಿದಳು. ಎಲ್ಲರೂ ನಕ್ಕರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಣಿಗೆ ಆ ಜಾಗದಲ್ಲಿ ಪರವಾನಿಗೆ ಸಿಗಲಿಲ್ಲ. ಕಂಪನಿಯವರು ಎರಡು ವರ್ಷ ಬಿಟ್ಟು ಗುಡ್ಡದ ಆಚೆಯ ಮಗ್ಗುಲಿಗೆ, ಹಳ್ಳಕ್ಕೆ ಸಂಬಂಧವಿಲ್ಲದ ಕಡೆ ಅರ್ಜಿ ಹಾಕಿದರು. ಮಡಿವಾಳೆಪ್ಪನಿಗೆ ಎಂಟನೆಯ ದಿನಕ್ಕೆ ಸಸ್ಪೆಂಡಿನ ಆದೇಶ ಬಂತು. ನಾಲ್ಕು ತಿಂಗಳಾದ ಮೇಲೆ, ಒಂದು ವೇತನ ಬಡ್ತಿ ಕಡಿತ ಮಾಡಿ, ದೂರದ ಬೇರೊಂದು ಊರಿಗೆ ಹಾಕಿದರು. ಪೆನ್ಶನ್ ತುಸು ಕಡಿಮೆ ಬಂತು, ಬಂತು ಮಾತ್ರ. ಶಿರಸ್ತೇದಾರರು ಹೆದರಿಸಿದ ಹಾಗೆ ಹಳೆಯ ಪಂಚನಾಮೆಗಳನ್ನು ಯಾರೂ ಕೆದಕಲಿಲ್ಲ. ಕೆದಕುವುದಕ್ಕೂ ಯಾರಾದರೂ ಸ್ಥಳಕ್ಕೆ ಹೋಗಬೇಕಲ್ಲ!

ಆದರೆ ಇದೆಲ್ಲ ಆಮೇಲಿನದು. ಆ ಸಂಜೆ ಜೀಪುಗಳು ಹೊರಟುಹೋದ ಮೇಲೆ ಮಂದಿ ಗುಂಪು ಗುಂಪಾಗಿ ಊರ ಕಡೆ ನಡೆದರು. ಮಡಿವಾಳೆಪ್ಪನಿಗೆ ಮೈ ಹಗುರಾಗಿತ್ತು. ಹೋಗುವುದು ಹೋಗಲಿ, ನೀರು ಉಳಿಯಿತು, ಜಟ್ಟೆಪ್ಪನ ಮೇಲಿನ ಅಪವಾದವೂ ಕಳೆಯಿತು ಎಂದುಕೊಂಡು ಅವನನ್ನು ಹುಡುಕಿದ. ಜಟ್ಟೆಪ್ಪ ಎಲ್ಲರಿಗಿಂತ ಹಿಂದೆ, ಒಬ್ಬನೇ ಬರುತ್ತಿದ್ದ. ಮಡಿವಾಳೆಪ್ಪ ನಿಂತು ಜೊತೆಯಾದ. ನೀನು ನನ್ನ ಸಲುವಾಗಿ ಅಷ್ಟು ದೊಡ್ಡ ಸುಳ್ಳು ಹೇಳಬಾರದಿತ್ತು, ಈಗ ಎಲ್ಲರಿಗೂ ತಿಳಿಯಿತು ನಿನ್ನ ತಪ್ಪಿಲ್ಲವೆಂದು, ಇನ್ನು ಶಟ್ಟೆವ್ವನೂ ಮಾತಾಡುತ್ತಾಳೆ ಎಂದು ಏನೇನೋ ಹೇಳಿದ. ಜಟ್ಟೆಪ್ಪ ಕೇಳಿಸಿಕೊಳ್ಳುತ್ತ ನಡೆದ. ಹಳ್ಳದ ದಂಡೆ ಹತ್ತಿದ ಮೇಲೆ ನಿಂತ.

“ಹೌದ್ರಿ, ನೀರು ಉಳೀತು. ಚಲೋ ಆತು. ನೀವು ಖರೇ ಹೇಳಿದ್ರಿ,” ಎಂದ. “ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹದಿನೈದು ವರ್ಷ ಈ ಊರಾಗ ಯಾರದರ ಹೊಲ ಅಳಿಯೂದಿರಲಿ, ಮನಿ ಬಿದ್ದದ್ದಿರಲಿ, ಜಟ್ಟೆಪ್ಪನ ಸಹಿ ಬೇಕು ಅಂತಿದ್ರು. ಗೌಡ್ರ ಹೊಲಕ್ಕೂ ನನ್ನ ಸಹಿನ. ನಮ್ಮ ಕೇರ್ಯಾಗ ನಮ್ಮಪ್ಪಗ, ನಮ್ಮ ಅಜ್ಜಗ ಯಾರಿಗೂ ಅದು ಇರಲಿಲ್ರಿ. ಏನೂ ತಿಳೀದ ಖಾಲಿ ಹಾಳಿ ಮ್ಯಾಲ ಸಹಿ ಮಾಡಾಂವ ಅಂತ ಇವತ್ತ ನೀವು ಇನ್ನೂರು ಮಂದಿ ಎದುರು ಹೇಳಿದ್ರಿ. ಇನ್ನ ಮ್ಯಾಲ ನನ್ನ ಸಹಿಗಿ ಏನು ಬೆಲಿ ಐತ್ರಿ?”

ಸಸ್ಪೆಂಡು, ಪೆನ್ಶನ್, ಬೈಲಹೊಂಗಲದ ಮನೆ, ಶಿರಸ್ತೇದಾರರ ಸಿಟ್ಟು, ಎಲ್ಲವನ್ನೂ ಮಡಿವಾಳೆಪ್ಪ ಹಿಂದೆ ಮುಂದೆ ತೂಗಿ ನೋಡಿದ್ದ. ಇದೊಂದು ಅವನ ಲೆಕ್ಕದಲ್ಲಿಯೇ ಇರಲಿಲ್ಲ. ಅವನ ಅವಸರಕ್ಕೆ ಬೇಕಾಗಿದ್ದ ಒಂದು ಸಹಿಯ ಗೀಟು ಈ ಮನುಷ್ಯನಿಗೆ ಊರಿನಲ್ಲಿ ತಲೆಯೆತ್ತಿ ಕೂರುವ ಖುರ್ಚಿಯಾಗಿತ್ತು. ಏನಾದರೂ ಹೇಳಬೇಕಲ್ಲ ಎಂದು, ತನ್ನ ಸಹಿಗೂ ಇನ್ನು ಬೆಲೆಯಿಲ್ಲ ಎಂದ.

“ನಿಮಗ ಬ್ಯಾರೆ ಊರು ಕೊಡ್ತಾರ್ರಿ, ಸಾಹೇಬ್ರ,” ಎಂದ ಜಟ್ಟೆಪ್ಪ. “ನಾ ಇಲ್ಲೇ ಇರಾಂವ.”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಹೇಳಿ, ಅಂಗಿಯ ತೋಳು ಮಡಿಸಿಕೊಂಡು ಕೇರಿಯ ಕಡೆ ತಿರುಗಿದ. ಮಡಿವಾಳೆಪ್ಪ ಅವನು ಮನೆಯ ಒಳಗೆ ಹೋಗುವವರೆಗೂ ದಂಡೆಯ ಮೇಲೆ ನಿಂತಿದ್ದು, ಆಮೇಲೆ ಕಟಕೋಳದ ಬಸ್ಸಿಗೆ ನಡೆದ.